ಶಿಕ್ಷೆ ಮುಗಿದ ಮೇಲೂ ‘ಚಿಕಿತ್ಸೆ’ಗಾಗಿ ಬಂಧನ: ಮೇಲ್ಮನವಿಗೆ ದಾರಿ ಇದೆಯೇ?

ಲೈಂಗಿಕ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ‘ಇಂಥವರನ್ನು ಹುಚ್ಚಾಸ್ಪತ್ರೆಗೆ ಹಾಕಿ ಬೀಗ ಜಡಿಯಬೇಕು’ ಎಂಬ ಮಾತು ಕೇಳುತ್ತೇವೆ. ಮನೆಯಲ್ಲಿ ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿದ್ದರೆ ಈ ಮಾತು ಚುಚ್ಚುತ್ತದೆ. ನಮ್ಮವರನ್ನೂ ಹೀಗೆ ಕೂಡಿಹಾಕಬಹುದೇ ಎಂಬ ಭಯವೂ ಕಾಡುತ್ತದೆ. ಅಮೆರಿಕದಲ್ಲಿ ಅಂಥದೊಂದು ಕಾನೂನು ನಿಜಕ್ಕೂ ಇದೆ.

ಏನಿದು ಕಾನೂನು?

ಇದನ್ನು ‘ಸಿವಿಲ್ ಕಮಿಟ್‌ಮೆಂಟ್’ ಎನ್ನುತ್ತಾರೆ. 1990ರಲ್ಲಿ ವಾಷಿಂಗ್ಟನ್ ರಾಜ್ಯ ಮೊದಲು ಜಾರಿಗೆ ತಂದಿತು. ಈಗ ಸುಮಾರು 20 ರಾಜ್ಯಗಳಲ್ಲಿದೆ. ಲೈಂಗಿಕ ಅಪರಾಧಿಗೆ ಮಾನಸಿಕ ದೋಷವಿದೆ, ಹೊರಬಿಟ್ಟರೆ ಮತ್ತೆ ಹಿಂಸೆ ಎಸಗಬಹುದು ಎಂದು ಕೋರ್ಟ್ ಒಪ್ಪಿದರೆ, ಜೈಲು ಶಿಕ್ಷೆ ಮುಗಿದ ಮೇಲೂ ಅವನನ್ನು ಭದ್ರತಾ ಚಿಕಿತ್ಸಾ ಕೇಂದ್ರದಲ್ಲಿ ಇಡಬಹುದು. ಬಿಡುಗಡೆಯ ದಿನ ನಿಗದಿಯಾಗಿರುವುದಿಲ್ಲ.

ಒಂದೇ ತಪ್ಪಿಗೆ ಎರಡು ಶಿಕ್ಷೆಯಾಯಿತಲ್ಲ? 1997ರಲ್ಲಿ ಕಾನ್ಸಸ್ ರಾಜ್ಯದ ಹೆಂಡ್ರಿಕ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4 ಬಹುಮತದಿಂದ ‘ಇದು ಶಿಕ್ಷೆಯಲ್ಲ’ ಎಂದಿತು. ಅಲ್ಲಿನ ಮನೋವೈದ್ಯರ ಸಂಘ ಮಾತ್ರ ಇಂಥ ಕಾನೂನುಗಳನ್ನು ವಿರೋಧಿಸಿತು. ಜೈಲಿನ ಕೆಲಸಕ್ಕೆ ಮನೋವೈದ್ಯಶಾಸ್ತ್ರವನ್ನು ಬಳಸಬಾರದು ಎಂಬುದು ಅದರ ಆಕ್ಷೇಪ.

ಮೇಲ್ಮನವಿಯಲ್ಲಿ ಏನನ್ನು ಪ್ರಶ್ನಿಸುತ್ತಾರೆ?

2002ರ ಕ್ರೇನ್ ಪ್ರಕರಣ ಇಲ್ಲಿ ಮುಖ್ಯ. ಅಪಾಯಕಾರಿ ಎಂದರಷ್ಟೇ ಸಾಲದು, ತನ್ನ ವರ್ತನೆಯನ್ನು ಹತೋಟಿಯಲ್ಲಿಡಲು ಅವನಿಗೆ ಗಂಭೀರ ತೊಂದರೆ ಇದೆ ಎಂಬುದಕ್ಕೆ ಪುರಾವೆ ಬೇಕು ಎಂದು ಕೋರ್ಟ್ ಹೇಳಿತು. ಹಾಗಾಗಿ ರೋಗನಿರ್ಣಯ ಸರಿಯೇ, ತಜ್ಞರ ಅಂದಾಜಿಗೆ ಆಧಾರವೇನು, ವಿಚಾರಣೆ ಕ್ರಮಬದ್ಧವಾಗಿತ್ತೇ ಎಂಬ ಪ್ರಶ್ನೆಗಳು ಮೇಲ್ಮನವಿಯಲ್ಲಿ ಏಳುತ್ತವೆ. ಆದರೆ ಮೇಲಿನ ಕೋರ್ಟ್ ಸಾಮಾನ್ಯವಾಗಿ ಸಾಕ್ಷಿಗಳನ್ನು ಹೊಸದಾಗಿ ವಿಚಾರಿಸುವುದಿಲ್ಲ. ಕೆಳಗಿನ ಕೋರ್ಟಿನ ದಾಖಲೆಯನ್ನಷ್ಟೇ ನೋಡುತ್ತದೆ.

ಆದ್ದರಿಂದಲೇ ಕಾಲಕಾಲಕ್ಕೆ ನಡೆಯುವ ಮರುಪರಿಶೀಲನೆ ಅಷ್ಟೇ ಮುಖ್ಯ. ಚಿಕಿತ್ಸೆಯಿಂದ, ವಯಸ್ಸಿನಿಂದ ಮನುಷ್ಯ ಬದಲಾಗಿರಬಹುದು. ಮಿನ್ನೆಸೋಟದಲ್ಲಿ 700ಕ್ಕೂ ಹೆಚ್ಚು ಜನರನ್ನು ಹೀಗೆ ಇಟ್ಟಿದ್ದರೂ ಎಲ್ಲರಿಗೂ ನಿಯಮಿತ ಮರುಪರಿಶೀಲನೆ ಇರಲಿಲ್ಲ. 2015ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಆ ವ್ಯವಸ್ಥೆಯೇ ಸಂವಿಧಾನಬಾಹಿರ ಎಂದರು. 2017ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು.

ಭಾರತದಲ್ಲಿ ಹೇಗೆ?

ಶಿಕ್ಷೆ ಮುಗಿದವರನ್ನು ಹೀಗೆ ಇಡುವ ಕಾನೂನು ನಮ್ಮಲ್ಲಿಲ್ಲ. ಇಲ್ಲಿ ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಅನ್ವಯಿಸುತ್ತದೆ. ನೀವು ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಇವು ನೆನಪಿರಲಿ:

• ಸೆಕ್ಷನ್ 89ರ ಅಡಿ ಮೊದಲ ದಾಖಲಾತಿ ಗರಿಷ್ಠ 30 ದಿನ. ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು.
• ಆಸ್ಪತ್ರೆಯು 7 ದಿನದೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿ ಮಹಿಳೆಯಾದರೆ ಅಥವಾ ಅಪ್ರಾಪ್ತ ವಯಸ್ಸಿನವರಾದರೆ 3 ದಿನ.
• ರೋಗಿ ಅಥವಾ ಅವರ ನಾಮನಿರ್ದೇಶಿತ ಪ್ರತಿನಿಧಿ ಮಂಡಳಿಗೆ ಅರ್ಜಿ ಹಾಕಿ ದಾಖಲಾತಿಯನ್ನು ಪ್ರಶ್ನಿಸಬಹುದು.
• ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಉಚಿತ ಕಾನೂನು ನೆರವು ರೋಗಿಯ ಹಕ್ಕು.

ಸಂತ್ರಸ್ತರ ಸುರಕ್ಷತೆಯ ಪ್ರಶ್ನೆ ಸಣ್ಣದಲ್ಲ. ಅಪರಾಧಕ್ಕೆ ತಕ್ಕ ಶಿಕ್ಷೆ ಆಗಲೇಬೇಕು. ಆದರೆ ಆಸ್ಪತ್ರೆ ಇರುವುದು ಗುಣಪಡಿಸಲು. ಅಲ್ಲಿ ಇರಿಸಿಕೊಂಡವರಿಗೆ ‘ಇನ್ನೂ ಏಕೆ?’ ಎಂದು ಮತ್ತೆ ಮತ್ತೆ ಕೇಳುವ ಹಕ್ಕು ಇಲ್ಲದಿದ್ದರೆ ಅದು ಇನ್ನೊಂದು ಜೈಲಷ್ಟೇ.