ಮನೆಯ ಜಾಲ, ನಮ್ಮ ಹೆಸರಿನ ತಾಣ

ಸೂಳೆಕೆರೆಯ ನೀರಿನಲ್ಲಿ ತೋಟ ಮಾಡಿದವರಿಗೆ ತೂಬಿನ ಮಹತ್ವವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಕೆರೆ ಎಷ್ಟೇ ವಿಶಾಲವಾಗಿದ್ದರೂ ಗದ್ದೆ ತೋಟಗಳಿಗೆ ನೀರು ಹೊರಡುವುದು ಸಿದ್ಧನ ತೂಬು, ಬಸವನ ತೂಬುಗಳಿಂದ. ಇಂದು ನಮ್ಮ ಮನೆಗಳಿಗೆ ಬಂದಿರುವ ಅಂತರಜಾಲಕ್ಕೂ ಅಂಥ ಒಂದು ತೂಬಿದೆ. ಅದೇ ರೌಟರ್ ಎಂಬ ಪೆಟ್ಟಿಗೆ. ಅದರ ಕೀಲಿ ಯಾರ ಕೈಯಲ್ಲಿದೆ ಎಂದು ನಮ್ಮಲ್ಲಿ ಹೆಚ್ಚಿನವರು ಯೋಚಿಸಿಲ್ಲ.

ರೌಟರ್ ಮನೆಯ ಪ್ರತಿಯೊಂದು ಫೋನಿಗೂ ಕಂಪ್ಯೂಟರಿಗೂ ಒಂದು ಒಳವಿಳಾಸ ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಆರಂಭವಾಗುತ್ತದೆ. ಹೊರಗಿನವರಿಗೆ ಈ ಒಳವಿಳಾಸ ಕಾಣುವುದಿಲ್ಲ. ಹಳೆಯ ಮಾದರಿಯ ಹೊರವಿಳಾಸಗಳು ಜಗತ್ತಿಗೆಲ್ಲ ಸುಮಾರು 430 ಕೋಟಿ ಮಾತ್ರ. ಅವುಗಳ ಕೇಂದ್ರ ದಾಸ್ತಾನು 2011ರಲ್ಲೇ ಮುಗಿಯಿತು. ಆದುದರಿಂದ ಅನೇಕ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಟ್ಟಿವೆ. ಮನೆಯ ಕಂಪ್ಯೂಟರಿನಲ್ಲಿ ತಾಣ ಇಟ್ಟರೂ ಹೊರಗಿನವರಿಗೆ ದಾರಿ ಸಿಗದಿರುವುದಕ್ಕೆ ಇದೇ ಮುಖ್ಯ ಕಾರಣ. ಕಂಪನಿಯಿಂದ ಸ್ಥಿರ ವಿಳಾಸ ಕೇಳಿ ಪಡೆಯುವುದು ಒಂದು ಪರಿಹಾರ.

ತಾಣಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸಾಕು. ಅದು ಕೆಲವೇ ವ್ಯಾಟ್ ವಿದ್ಯುತ್ತಿನಲ್ಲಿ ನಡೆಯುತ್ತದೆ. ಜಗತ್ತಿನ ಮೊದಲ ಜಾಲತಾಣವೂ 1990-91ರಲ್ಲಿ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ, ಟಿಮ್ ಬರ್ನರ್ಸ್-ಲೀ ಅವರ ಮೇಜಿನ ಕಂಪ್ಯೂಟರಿನಿಂದಲೇ ನಡೆಯಿತು. ಅದನ್ನು ಯಾರೂ ಆರಿಸಬಾರದೆಂದು ಕೆಂಪು ಶಾಯಿಯ ಚೀಟಿ ಅಂಟಿಸಿದ್ದರು. ನಮ್ಮ ಕಡೆ ಚೀಟಿ ಸಾಲದು, ವಿದ್ಯುತ್ ಕಡಿತಕ್ಕೆ ಓದಲು ಬರುವುದಿಲ್ಲ! ಯಂತ್ರಕ್ಕೂ ರೌಟರಿಗೂ ಬ್ಯಾಟರಿಯ ಆಸರೆ ಬೇಕು.

ಮೊದಲು ಮನೆಯೊಳಗೇ ಆರಂಭಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮಳೆಯ ಲೆಕ್ಕ, ಬೋರ್ಡೋ ಸಿಂಪಡಿಸಿದ ದಿನ, ಕೊಯ್ಲಿನ ತೂಕ, ಆಳಿನ ಹಾಜರಿ ಇವನ್ನು ಒಂದು ಪುಟದಲ್ಲಿಟ್ಟರೆ ಮನೆಮಂದಿಯೆಲ್ಲ ತಮ್ಮ ಫೋನಿನಲ್ಲೇ ನೋಡಬಹುದು. ಹೊರಗಿನ ತಂತಿ ಕಡಿದುಹೋದ ದಿನವೂ ಇದು ನಡೆಯುತ್ತದೆ. ಹೊರಕ್ಕೆ ಬಾಗಿಲು ತೆರೆಯುವ ಅಪಾಯವೂ ಇಲ್ಲ. ಕೈ ಪಳಗಿದ ಮೇಲೆ ಬೇಕಾದರೆ ಹೊರಕ್ಕೆ ತೆರೆಯಲಿ. ಆಗಲೂ ಬೇಕಾದ ಒಂದೇ ಬಾಗಿಲು ತೆರೆಯಬೇಕು. ರೌಟರಿನೊಂದಿಗೆ ಬಂದ ಗುಪ್ತಪದವನ್ನು ಬದಲಿಸಬೇಕು. ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ತಾಣ ಇಡಬಾರದು. ತೂಬನ್ನು ಹಗಲಿರುಳು ತೆರೆದಿಟ್ಟ ಕೆರೆ ಉಳಿಯುವುದುಂಟೆ?

ಅಡಿಕೆ, ಕಾಫಿ ಕೊಳ್ಳುವವರು ಹಗಲಿರುಳು ನೋಡಬೇಕಾದ ತಾಣವಾದರೆ ಬಾಡಿಗೆ ಜಾಗದಲ್ಲಿಡುವುದರಲ್ಲಿ ತಪ್ಪಿಲ್ಲ. ಆದರೆ ಎರಡನ್ನು ಮಾತ್ರ ಪರರ ವಶಕ್ಕೆ ಬಿಡತಕ್ಕುದಲ್ಲ. ಒಂದು, ತಾಣದ ಹೆಸರು. ಇನ್ನೊಂದು, ಅದರಲ್ಲಿರುವ ಎಲ್ಲದರ ಪ್ರತಿ. ತೋಟ ಕೊಂಡು ಪಹಣಿಯನ್ನು ದಲ್ಲಾಳಿಯ ಹೆಸರಿನಲ್ಲಿ ಬಿಡುವವರು ನಮ್ಮಲ್ಲಿಲ್ಲ. ಆದರೆ ತಾಣ ಮಾಡಿಸಿದವರು ಅದರ ಹೆಸರು ಯಾರ ಹೆಸರಿಗೆ ನೋಂದಣಿಯಾಗಿದೆ ಎಂದು ಕೇಳುವುದು ಅಪರೂಪ. ಮಾಡಿಕೊಟ್ಟವನು ಊರು ಬಿಟ್ಟರೆ, ಅಥವಾ ನವೀಕರಣದ ಹಣ ಕಟ್ಟದಿದ್ದರೆ, ಕೊನೆಗೆ ಆ ಹೆಸರನ್ನು ಬೇರೊಬ್ಬರು ಪಡೆಯಬಹುದು. ವರ್ಷಗಳಿಂದ ಗಳಿಸಿದ ನಂಬಿಕೆಯೂ ಅದರೊಂದಿಗೆ ಹೋಗುತ್ತದೆ. ಈಗ .ಭಾರತ ಎಂದು ಕನ್ನಡ ಲಿಪಿಯಲ್ಲೇ ಹೆಸರು ಪಡೆಯಲು ಅವಕಾಶವಿರುವಾಗ ನಾವು ಅಲಕ್ಷ್ಯ ಮಾಡಬಾರದು.

ಆದುದರಿಂದ ತಾಣವುಳ್ಳ ಸದಸ್ಯ ಬಾಂಧವರೂ ಸಂಘಗಳೂ ಈ ತಿಂಗಳೇ ನೋಂದಣಿಯ ವಿವರವನ್ನು ತೆರೆದು ಮಾಲೀಕರ ಹೆಸರನ್ನೂ ಅವಧಿ ಮುಗಿಯುವ ದಿನವನ್ನೂ ನೋಡಬೇಕೆಂದು ವಿನಂತಿ. ಕಂಪ್ಯೂಟರ್ ಬಲ್ಲ ನಮ್ಮ ಮಕ್ಕಳಿಂದ ಒಂದು ದಿನದ ತರಬೇತಿ ಏರ್ಪಡಿಸಲು ಆಡಳಿತ ಮಂಡಳಿಗಳೂ ಮನಸ್ಸು ಮಾಡಲಿ.