ಜರ್ಮನಿಗೆ ಹೊರಟ ಗೆಳೆಯರಿಗೆ

ಇತ್ತೀಚೆಗೆ ನಮ್ಮ ಸಂಘದಲ್ಲಿ ನಾಲ್ವರು ಸೇರಿದರೆ ಜರ್ಮನಿಯದೇ ಮಾತು. "ಅಲ್ಲಿ ಫೀಜೇ ಇಲ್ವಂತೆ ಮಾರಾಯ!" ನಿಜ, ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಇಲ್ಲ. (ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಹುಷಾರು: 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ.) ಆದರೆ ವೀಸಾ ಸಿಗಬೇಕಾದರೆ ವರ್ಷದ ಖರ್ಚನ್ನು ಮುಂಗಡವಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಯೂರೋಗೆ ಏರಿತು. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ, ಅಷ್ಟೆ. ಅಪ್ಪಂದಿರು ಊರಿನ ಗದ್ದೆಯ ಪತ್ರ ಹುಡುಕುವುದು ಇದಕ್ಕೇ.

ಇಷ್ಟು ಸುರಿಯುವ ನಾವು ಭಾಷೆಯ ವಿಷಯಕ್ಕೆ ಬಂದರೆ ಜಿಪುಣರು. ಕುಕ್ಕರು, ಮಿಡಿ ಉಪ್ಪಿನಕಾಯಿಯ ಪಟ್ಟಿ ತಯಾರು; ಜರ್ಮನ್ ಮಾತ್ರ "ಯಾಕಪ್ಪಾ, ಕೋರ್ಸು ಇಂಗ್ಲಿಷಿನಲ್ಲೇ ಅಲ್ವಾ?" ಅಂತಾರೆ. ಕೋರ್ಸು ಸರಿ. ಬಾಡಿಗೆ ಕರಾರು? ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವ ಅರ್ಜಿ? 2024ರಿಂದ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿಯುಂಟು. ಗಿರಾಕಿ ಕೇಳಿದ್ದೇ ತಿಳಿಯದವನನ್ನು ಯಾವ ಬೇಕರಿಯವನು ಇಟ್ಟುಕೊಳ್ತಾನೆ?

1853ರಲ್ಲಿ ಅಲ್ಲಿಂದ ಬಂದ ಕಿಟ್ಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ನಮಗೆ ನಿಘಂಟಿನ ಹಟ ಬೇಡ, ಎ-2 ಮಟ್ಟ ಮುಗಿಸಿದರೂ ಆದೀತು. 2022ರ ನವೆಂಬರಿನಿಂದ ಕಡ್ಡಾಯವಾದ ಎ.ಪಿ.ಎಸ್. ಪ್ರಮಾಣಪತ್ರದ ಅರ್ಜಿಯನ್ನು ನಾವೇ ತುಂಬಬಹುದು. ಏಜೆಂಟನಿಗೆ ಕೊಡುವ ದುಡ್ಡನ್ನು ಕಾಲಾಘೋಡಾದ ಮ್ಯಾಕ್ಸ್‌ಮುಲ್ಲರ್ ಭವನದ ತರಗತಿಗೆ ಹಾಕಿ. ನಾನು ಹೆಸರು ಕೊಟ್ಟಾಗಿದೆ. ಚರ್ಚ್‌ಗೇಟಿನಿಂದ ನಡೆದೇ ಹೋಗಬಹುದು, ಜೊತೆಗೆ ಯಾರು ಬರ್ತೀರಿ?