ಲಾಗಿನ್ ಆಗದಿದ್ದರೆ ತಪ್ಪು ಯಾರದು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಿಸುವುದು ನನ್ನ ಕೆಲಸ. ಅಂಥ ಒಂದು ಪಾಠದ ವೀಕ್ಷಣಾ ಪುಸ್ತಕದಲ್ಲಿ ನಾನು 'ತರಗತಿ ನಿರ್ವಹಣೆ ದುರ್ಬಲ' ಎಂದು ಬರೆದೆ. ಆ ಷರಾ ತಪ್ಪಾಗಿತ್ತು. ಅದು ಏಕೆ ತಪ್ಪು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಅಂದು ಒಂಬತ್ತನೆಯ ತರಗತಿಗೆ ಸಂಖ್ಯಾಶಾಸ್ತ್ರದ ಪಾಠ. ಸ್ಪ್ರೆಡ್‌ಶೀಟ್‌ನಲ್ಲಿ ಸ್ತಂಭಾಲೇಖ ರಚಿಸುವುದು ಉದ್ದೇಶ. ಪಾಠಯೋಜನೆ ಅಚ್ಚುಕಟ್ಟಾಗಿತ್ತು. ಪ್ರಶಿಕ್ಷಣಾರ್ಥಿ ತನ್ನ ಹೆಸರಿನಲ್ಲಿ ಲಾಗಿನ್ ಆದಳು, ಇಂಟರ್ನೆಟ್ ಕೂಡ ಬಂತು. ಮಕ್ಕಳಲ್ಲಿ ಮಾತ್ರ ಇಬ್ಬರು ಮೂವರಿಗೆ ತೆರೆಯಿತು, ಉಳಿದವರಿಗೆ ಇಲ್ಲ. "ನನ್ನದು ಆಗೇತಿ, ಅವರದೂ ಆಗೇತಿ, ನಿಮ್ಮದಷ್ಟ ಯಾಕ ಆಗೂದಿಲ್ಲ? ಲಕ್ಷ್ಯ ಕೊಟ್ಟು ಹಾಕ್ರಿ" ಎಂದಳು. "ಬರೋಬ್ಬರಿ ಹಾಕೇನ್ರಿ ಟೀಚರ್" ಎಂದ ಒಬ್ಬ ಹುಡುಗ. ಮತ್ತೆ ಮತ್ತೆ ಹಾಕಿದರೂ ಅವನಿಗೆ ತೆರೆಯಲಿಲ್ಲ. 40 ನಿಮಿಷದ ಅವಧಿ ಅದರಲ್ಲೇ ಮುಗಿಯಿತು.

ಕಾರಣ ತಿಳಿದದ್ದು ಆಮೇಲೆ. ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿ ಮಕ್ಕಳ ಹೆಸರು, ಪಾಸ್‌ವರ್ಡ್ ಇರುವುದಿಲ್ಲ. ಅವೆಲ್ಲ ಸರ್ವರಿನ ಡೈರೆಕ್ಟರಿಯಲ್ಲಿರುತ್ತವೆ. ಶಾಲೆಯ ದಾಖಲಾತಿ ವಹಿ ಕಚೇರಿಯಲ್ಲಿದ್ದ ಹಾಗೆ ಇದು. ಮಗು ಎಲ್ಲಿ ಕುಳಿತರೂ ಆ ಕಂಪ್ಯೂಟರು ಕಚೇರಿಯನ್ನೇ ಕೇಳಬೇಕು. ಕೇಳಲು ಸರ್ವರಿನ ವಿಳಾಸ ಬೇಕು; ಹೆಸರಿನಿಂದ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಹೊಸದಾಗಿ ಕೂಡಿಸಿದ್ದ ಇಂಟರ್ನೆಟ್ ರೌಟರ್ ಆ ಕೆಲಸವನ್ನು ತಾನೇ ವಹಿಸಿಕೊಂಡಿತ್ತು. ಅದಕ್ಕೆ ಹೊರಲೋಕದ ವಿಳಾಸಗಳೆಲ್ಲ ಗೊತ್ತು, ಪಕ್ಕದ ಕೋಣೆಯ ಸರ್ವರಿನದು ಗೊತ್ತಿಲ್ಲ.

ಹಾಗಾದರೆ ಕೆಲವರಿಗೆ ತೆರೆದದ್ದು ಹೇಗೆ? ಒಮ್ಮೆ ಲಾಗಿನ್ ಆದವರ ಗುರುತನ್ನು ಕಂಪ್ಯೂಟರು ತನ್ನಲ್ಲೇ ಉಳಿಸಿಕೊಳ್ಳಬಲ್ಲದು. ವಿಂಡೋಸ್‌ನಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ 10 ಜನರದು ಉಳಿಯುತ್ತದೆ. ಲಿನಕ್ಸ್‌ನಲ್ಲಿಯೂ ಆ ಸೌಲಭ್ಯವಿದೆ. ಸರ್ವರ್ ಸಿಗದಿದ್ದಾಗ ಆ ಹಳೆಯ ಗುರುತಿನಿಂದಲೇ ಬಾಗಿಲು ತೆರೆಯುತ್ತದೆ. ತೆರೆದದ್ದು ಜಾಣರಿಗಲ್ಲ, ಅಂದು ತಮ್ಮ ಎಂದಿನ ಜಾಗದಲ್ಲಿ ಕುಳಿತವರಿಗೆ. ನಾವು ಅದನ್ನು ಮಕ್ಕಳ ಲಕ್ಷ್ಯದ ಅಳತೆಗೋಲು ಮಾಡಿದೆವು.

ಗಣಿತದಲ್ಲಿ ಮಗು ತಪ್ಪಿದರೆ ಮೊದಲು ನೈದಾನಿಕ ಪರೀಕ್ಷೆ, ಅನಂತರ ಪರಿಹಾರ ಬೋಧನೆ ಎಂದು ನಾವೇ ಕಲಿಸುತ್ತೇವೆ. ಲಾಗಿನ್ ಸೋತಾಗ ಮಾತ್ರ ನಿದಾನವಿಲ್ಲದೆ ಮಗುವಿನ ಮೇಲೆ ತಪ್ಪು ಹೊರಿಸುತ್ತೇವೆ. ಇಲ್ಲಿಯೂ ನೈದಾನಿಕ ಪರೀಕ್ಷೆ ಬೇಕು ಎಂಬುದೇ ನನ್ನ ವಾದ. ಅದಕ್ಕೆ ನಾಲ್ಕು ಪ್ರಶ್ನೆ ಸಾಕು.

ಒಂದು, ತೊಂದರೆ ಒಬ್ಬರಿಗೋ, ಹಲವರಿಗೋ? ಹಲವರಿಗಾದರೆ ಪಾಸ್‌ವರ್ಡ್ ಮಾತು ಬಿಡಿ, ಕೇಬಲ್, ಸ್ವಿಚ್‌ನ ದೀಪ ನೋಡಿ. ಸರ್ವರಿನ ಅಂಕಿ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬಂದು, ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್ ತಪ್ಪಿದೆ ಎಂದು ತಿಳಿಯಿರಿ.

ಎರಡು, ಅದೇ ಮಗುವಿಗೆ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ? ತೆರೆದರೆ ದೋಷ ಮೊದಲಿನ ಯಂತ್ರದ್ದು. ಎಲ್ಲಿಯೂ ತೆರೆಯದೆ ಉಳಿದವರಿಗೆಲ್ಲ ತೆರೆದರೆ ಆ ಖಾತೆ ಲಾಕ್ ಆಗಿರಬಹುದು, ಅವಧಿ ಮೀರಿರಬಹುದು. ಈ ಪರೀಕ್ಷೆಯನ್ನು ಆ ಯಂತ್ರದಲ್ಲಿ ಹಿಂದೆಂದೂ ಲಾಗಿನ್ ಆಗದ ಹೆಸರಿನಿಂದಲೇ ಮಾಡಬೇಕು.

ಮೂರು, ಗಡಿಯಾರ ಸರಿಯಿದೆಯೇ? ಬಹಳಷ್ಟು ಡೈರೆಕ್ಟರಿ ವ್ಯವಸ್ಥೆಗಳು ಗುರುತು ಪರಿಶೀಲಿಸಲು ಕರ್ಬೆರಾಸ್ ಎಂಬ ಪದ್ಧತಿಯನ್ನು ಬಳಸುತ್ತವೆ. ಕಂಪ್ಯೂಟರಿಗೂ ಸರ್ವರಿಗೂ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಅದು ನಿರಾಕರಿಸಬಹುದು. ಒಳಗಿನ ಗುಂಡಿ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರು ಕರೆಂಟ್ ಹೋಗಿ ಬಂದಾಗಲೆಲ್ಲ ಹಿಂದಿನ ಯಾವುದೋ ವರ್ಷಕ್ಕೆ ಹೋಗಿಬಿಡುತ್ತದೆ.

ನಾಲ್ಕು, ಕೀಲಿಮಣೆ ಯಾವ ಭಾಷೆಯಲ್ಲಿದೆ? ಪಾಸ್‌ವರ್ಡ್ ಜಾಗದಲ್ಲಿ ಚುಕ್ಕೆ ಮಾತ್ರ ಕಾಣುವುದರಿಂದ ಕನ್ನಡ ಅಕ್ಷರ ಬೀಳುತ್ತಿದ್ದರೂ ಮಗುವಿಗೆ ತಿಳಿಯದು. ಹೆಸರಿನ ಜಾಗದಲ್ಲಿ ಎರಡಕ್ಷರ ಒತ್ತಿದರೆ ಗೊತ್ತಾಗುತ್ತದೆ.

ಇದು ತಂತ್ರಜ್ಞರ ಕೆಲಸ, ಶಿಕ್ಷಕರದಲ್ಲ ಎನ್ನುವವರಿದ್ದಾರೆ. ದುರಸ್ತಿ ತಂತ್ರಜ್ಞರದೇ, ಒಪ್ಪುತ್ತೇನೆ. ಆದರೆ ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಬರಬೇಕಾದವರಿಗೆ 'ಲಾಗಿನ್ ಆಗುತ್ತಿಲ್ಲ' ಎಂದಷ್ಟೇ ಹೇಳುವುದಕ್ಕೂ, 'ಅಂಕಿ ವಿಳಾಸಕ್ಕೆ ಉತ್ತರ ಬರುತ್ತದೆ, ಹೆಸರಿಗೆ ಬರುವುದಿಲ್ಲ' ಎಂದು ಹೇಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಫೋನಿನಲ್ಲೇ ಪರಿಹಾರ ಸಿಗಬಹುದು.

ಇನ್ನು ಕೆಲವರು ಹಿಡಿಯುವ ಸುಲಭದ ದಾರಿ, ಎಲ್ಲ ಮಕ್ಕಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡುವುದು. ಇದು ಇಡೀ ತರಗತಿಯ ಅಂಕಗಳನ್ನು ಒಂದೇ ರೋಲ್ ನಂಬರಿನ ಮುಂದೆ ಬರೆದಂತೆ. ಒಬ್ಬಳ ಕಡತವನ್ನು ಇನ್ನೊಬ್ಬ ಅಳಿಸಿದರೆ ಕೇಳುವವರಿಲ್ಲ. ಪಾಸ್‌ವರ್ಡ್ ಹಂಚಿಕೊಳ್ಳುವುದು ತಪ್ಪಲ್ಲ ಎಂಬ ಪಾಠವೂ ಜೊತೆಗೆ ಸೇರುತ್ತದೆ. ಕರ್ಬೆರಾಸ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1983ರಲ್ಲಿ ಆರಂಭವಾದ ಅಥೀನಾ ಯೋಜನೆಯಿಂದ. ವಿದ್ಯಾರ್ಥಿ ಯಾವ ಕಂಪ್ಯೂಟರಿನ ಮುಂದೆ ಕುಳಿತರೂ ತನ್ನ ಕೆಲಸ ತನಗೆ ಸಿಗಬೇಕು ಎಂಬುದು ಅದರ ಆಶಯವಾಗಿತ್ತು. ಡೈರೆಕ್ಟರಿಯನ್ನು ಕೇಳಲು ಬಳಸುವ ಎಲ್‌ಡಿಎಪಿ ಕೂಡ 1990ರ ದಶಕದ ಆರಂಭದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ವಿದ್ಯಾಸಂಸ್ಥೆಗಳೇ ಹುಟ್ಟುಹಾಕಿದ ವ್ಯವಸ್ಥೆಯನ್ನು ನಾವು ಬೇಸರಪಟ್ಟು ಕೈಬಿಡಬಾರದು.

ಎನ್‌ಸಿಟಿಇಯ 2014ರ ನಿಯಮಗಳಂತೆ ಬಿ.ಇಡ್.ಗೆ 20 ವಾರಗಳ ಶಾಲಾ ಅನುಭವವಿದೆ, ಐಸಿಟಿ ಕುರಿತ ಪ್ರಾಯೋಗಿಕ ಭಾಗವೂ ಇದೆ. ಅದರಲ್ಲಿ ಒಂದು ಚಟುವಟಿಕೆ ಸೇರಲಿ. ಕಾಲೇಜಿನ ಪ್ರಯೋಗಾಲಯದಲ್ಲಿ ಬೋಧಕರು ಒಂದು ಯಂತ್ರದ ಕೇಬಲ್ ಸಡಿಲಿಸಲಿ, ಇನ್ನೊಂದರ ಗಡಿಯಾರ ಹಿಂದೆ ಇಡಲಿ, ಮತ್ತೊಂದರ ಡಿಎನ್‌ಎಸ್ ಬದಲಿಸಲಿ. ಪ್ರಶಿಕ್ಷಣಾರ್ಥಿಗಳು ಜೋಡಿಯಾಗಿ ಕಾರಣ ಹುಡುಕಿ, ನೋಡಿದ್ದನ್ನು ಕ್ರಮವಾಗಿ ಬರೆಯಲಿ. ಪ್ರತಿ ಐಸಿಟಿ ಪಾಠಯೋಜನೆಯಲ್ಲಿಯೂ ಲಾಗಿನ್ ಆಗದಿದ್ದರೆ ಗ್ರಾಫ್ ಹಾಳೆಯ ಮೇಲೆ ಮಾಡಿಸುವ ಚಟುವಟಿಕೆ ಒಂದಿರಲಿ.

ವೀಕ್ಷಣಾ ಪುಸ್ತಕದ ಆ ಷರಾವನ್ನು ನಾನು ಹೊಡೆದುಹಾಕಿ ಸಹಿ ಮಾಡಿದೆ. ಮುಂದಿನ ವಾರ ಪ್ರಶಿಕ್ಷಣಾರ್ಥಿ ಅದೇ ಪಾಠವನ್ನು ಮತ್ತೆ ಮಾಡಿದಳು. ಶುರುಮಾಡುವ ಮೊದಲು ಆ ಹುಡುಗನ ಹತ್ತಿರ ಹೋಗಿ, "ನೀ ಬರೋಬ್ಬರಿನ ಹಾಕಿದ್ದಿ, ತಪ್ಪು ನಂದು" ಎಂದಳು. ಅವಳ ಪಾಠದಲ್ಲಿ ನಾನು ಹೆಚ್ಚು ಅಂಕ ಕೊಟ್ಟದ್ದು ಆ ಮಾತಿಗೆ.